ಹಿಂಡಗಲಿದ ಕುರಿಯ ಅಂಜಿಕೆ

ಹುನಗುಂದ ಸೀಮೆಯ ಅಮೀನಗಡ ಎಂದರೆ ಕೆಲವರಿಗೆ ಕರದಂಟು, ಇನ್ನು ಕೆಲವರಿಗೆ ಕುರಿ ಸಂತೆ. ಬಾಗಲಕೋಟೆ, ಬಾದಾಮಿ, ಇಳಕಲ್ ಕಡೆಯ ಹಳ್ಳಿಗಳಿಂದ ಟಂಟಂ, ಟೆಂಪೊಗಳಲ್ಲಿ ಕುರಿಗಳು ಇಲ್ಲಿಗೆ ಬಂದಿಳಿಯುತ್ತವೆ. ಅಲ್ಲಿಯವರೆಗೆ ಹಗಲು ಎರೆಹೊಲದ ಕೂಳೆಯಲ್ಲಿ ಮೇಯ್ದು, ರಾತ್ರಿ ಹಿಂಡಿನ ಮೈಗೆ ಮೈ ಹಚ್ಚಿ ಮಲಗಿದ ಪ್ರಾಣಿಗೆ ಹಗ್ಗ ಬಿಗಿದು ಒಂಟಿಯಾಗಿ ಎಳೆದರೆ ಅದು ಕಾಲೂರಿ ನಿಲ್ಲುತ್ತದೆ, ಕೂಗುತ್ತದೆ, ಹಿಕ್ಕೆ ಹಾಕುತ್ತದೆ. ‘ಕುರಿ ಬೆದರೈತಿ’ ಅನ್ನುತ್ತಾರೆ ಕುರಿಗಾರರು. ಆ ಅಂಜಿಕೆ ಮಿದುಳಿನಲ್ಲಿ ಹುಟ್ಟಿ, ನೆತ್ತರಿಗಿಳಿದು, ಮಾಂಸದವರೆಗೂ ಹೋಗುವ ದಾರಿಯನ್ನು ವಿಜ್ಞಾನ ಸಾಕಷ್ಟು ಚೆನ್ನಾಗಿ ಗುರುತಿಸಿದೆ. ಗುರುತಿಸಲು ನೆರವಾದದ್ದೂ ಕುರಿಯೇ.

ಮಿದುಳಿನ ತಳದಲ್ಲಿ, ಎಲುಬಿನ ಒಂದು ಸಣ್ಣ ಗುಳಿಯಲ್ಲಿ ಕೂತಿರುವುದು ಪಿಟ್ಯುಟರಿ ಗ್ರಂಥಿ. ಮನುಷ್ಯರಲ್ಲಿ ಅದರ ತೂಕ ಸುಮಾರು ಅರ್ಧ ಗ್ರಾಂ. ಬೆಳವಣಿಗೆ, ಬೆದೆ, ಹಾಲು, ಥೈರಾಯ್ಡ್, ಅಡ್ರಿನಲ್ ಎಲ್ಲದಕ್ಕೂ ಇಲ್ಲಿಂದಲೇ ಹಾರ್ಮೋನು ಹೊರಡುವುದರಿಂದ ಇದನ್ನು ಗ್ರಂಥಿಗಳ ಯಜಮಾನ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಯಜಮಾನನಿಗೂ ಮೇಲಿನಿಂದ ಅಪ್ಪಣೆ ಬರಬೇಕು. ಅಪ್ಪಣೆ ಕೊಡುವುದು ಅದರ ನೆತ್ತಿಯ ಮೇಲೇ ಇರುವ ಹೈಪೊಥಲಾಮಸ್. ಪಿಟ್ಯುಟರಿಯ ಮುಂಭಾಗಕ್ಕೆ ಅದು ನರದ ಮೂಲಕ ಹೇಳುವುದಿಲ್ಲ, ಎರಡರ ನಡುವಿನ ಕಿರು ರಕ್ತನಾಳಗಳಿಗೆ ರಾಸಾಯನಿಕ ಬಿಟ್ಟು ಹೇಳುತ್ತದೆ. ಬ್ರಿಟನ್ನಿನ ಜೆಫ್ರಿ ಹ್ಯಾರಿಸ್ ಕಳೆದ ಶತಮಾನದ ನಡುವಿನಲ್ಲಿ ಹೀಗೆಂದಾಗ ನಂಬದವರೇ ಹೆಚ್ಚು. ಆ ರಾಸಾಯನಿಕವನ್ನು ಕೈಯಲ್ಲಿ ಹಿಡಿದು ತೋರಿಸಬೇಕಿತ್ತು.

ತೋರಿಸಲು ಹೊರಟವರಲ್ಲಿ ರೋಜರ್ ಗಿಯಮಿನ್ ಒಬ್ಬರು. ಅಮೆರಿಕದ ಕಸಾಯಿಖಾನೆಗಳಿಂದ ಅವರ ತಂಡ ಸುಮಾರು 50 ಲಕ್ಷ ಕುರಿ ಮಿದುಳಿನ ತುಣುಕುಗಳನ್ನು ಕೂಡಿಹಾಕಿತು. ಅಷ್ಟರಿಂದ ಸಿಕ್ಕಿದ್ದು ಮಿಲಿಗ್ರಾಂಗಳ ಲೆಕ್ಕದ ವಸ್ತು. ಆದರೂ ಅದು ಸಾಕಾಯಿತು. ಎದುರಾಳಿಯಾಗಿದ್ದ ಆ್ಯಂಡ್ರೂ ಶ್ಯಾಲಿ ಹಂದಿಗಳ ಮಿದುಳಿನಿಂದ ಅದೇ ಗುರಿ ತಲುಪಿದ್ದರು. ಇಬ್ಬರಿಗೂ 1977ರಲ್ಲಿ ನೊಬೆಲ್ ಬಂತು. ಒತ್ತಡದ ಅಪ್ಪಣೆಯನ್ನೇ ಹೊರುವ ಸಿಆರ್‌ಎಚ್ ಸಿಗಲು ಮಾತ್ರ 1981 ಆಗಬೇಕಾಯಿತು. ವೈಲಿ ವೇಲ್ ಅವರ ತಂಡ 41 ಅಮೈನೊ ಆಮ್ಲಗಳ ಆ ಸರವನ್ನು ಬೇರ್ಪಡಿಸಿದ್ದು ಮತ್ತೆ ಕುರಿಯ ಹೈಪೊಥಲಾಮಸ್‌ನಿಂದಲೇ. ನಮ್ಮ ಚಿಂತೆ, ಭಯಗಳ ಶಾಸ್ತ್ರಕ್ಕೆ ಇಷ್ಟೊಂದು ಕುರಿಗಳು ತಲೆ ಕೊಟ್ಟಿವೆ ಎಂಬುದನ್ನು ಕುರಿ ಸಾಕುವ ನಾಡಿನವರು ತಿಳಿದಿರಬೇಕು.

ಸಂತೆಯ ಕುರಿಗೆ ಬರೋಣ. ಅಪರಿಚಿತ ನಾಯಿ ಬೊಗಳಿತು, ಯಾರೋ ಕಾಲು ಹಿಡಿದು ಎತ್ತಿದರು, ಸುತ್ತ ತನ್ನವರಿಲ್ಲ. ಕೂಡಲೇ ಹೈಪೊಥಲಾಮಸ್ ಸಿಆರ್‌ಎಚ್ ಮತ್ತು ವಾಸೊಪ್ರೆಸಿನ್ ಎರಡನ್ನೂ ಬಿಡುತ್ತದೆ. ಇಲಿಯಲ್ಲಿ ಸಿಆರ್‌ಎಚ್‌ನದೇ ಮೇಲುಗೈ, ಕುರಿಯಲ್ಲಿ ವಾಸೊಪ್ರೆಸಿನ್ ಹೆಚ್ಚು ಬಲಶಾಲಿ. ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಹೊರಡುತ್ತದೆ, ಮೂತ್ರಪಿಂಡದ ಬಳಿಯ ಅಡ್ರಿನಲ್ ತಲುಪುತ್ತದೆ, ಕೆಲವೇ ನಿಮಿಷಗಳಲ್ಲಿ ನೆತ್ತರಿನಲ್ಲಿ ಅಡ್ರಿನಲ್ ಬಿಡುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುತ್ತದೆ.

ಸೆರೊಟೋನಿನ್ ಎಂಬ ನರಸಂದೇಶವಾಹಕ ಕೆಲಸ ಮಾಡುವುದು ಈ ಸರಪಳಿಗೂ ಮೇಲೆ. 1948ರಲ್ಲಿ ದನದ ನೆತ್ತರಿನಿಂದ ಬೇರ್ಪಡಿಸಿದ ಈ ವಸ್ತು ಮಿದುಳಿನಲ್ಲೂ ಇದೆಯೆಂದು 1953ರಲ್ಲಿ ತೋರಿಸಿದವರು ಬೆಟ್ಟಿ ಟ್ವಾರೊಗ್. ದೇಹದ ಬಹುಪಾಲು ಸೆರೊಟೋನಿನ್ ಇರುವುದು ಕರುಳಿನಲ್ಲಿ. ಮಿದುಳಿನ ಪಾಲನ್ನು ತಯಾರಿಸುವುದು ಮಿದುಳುಕಾಂಡದ ನಡುಗೆರೆಯಲ್ಲಿರುವ ರಾಫೆ ಎಂಬ ನರಕೋಶಗಳ ಗುಂಪು. ಅದರ ಎಳೆಗಳು ಮಿದುಳಿನ ಮೂಲೆಮೂಲೆಗೂ ಹಬ್ಬಿವೆ. ಇಲಿಗಳಲ್ಲಿ ನೋಡಿದಾಗ ಕೆಲವು ಎಳೆಗಳು ಸಿಆರ್‌ಎಚ್ ತಯಾರಿಸುವ ಕೋಶಗಳನ್ನು ನೇರವಾಗಿ ಮುಟ್ಟುತ್ತಿದ್ದವು. ಅಲ್ಲಿ ಸೆರೊಟೋನಿನ್ ಹೆಚ್ಚಿದರೆ ಎಸಿಟಿಎಚ್ ಏರುತ್ತದೆ. ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಕೂಡ ಏರುತ್ತದೆ. ಹಾಗಾಗಿ ಸೆರೊಟೋನಿನ್ ಅನ್ನು ‘ಸಂತೋಷದ ಹಾರ್ಮೋನು’ ಎಂದಷ್ಟೇ ಬಣ್ಣಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಅಪಾಯದ ಗಳಿಗೆಯಲ್ಲಿ ದೇಹವನ್ನು ಎಬ್ಬಿಸುವುದರಲ್ಲೂ ಅದರ ಕೈಯಿದೆ.

ಇಷ್ಟೆಲ್ಲ ಕುರಿಯ ಒಳ್ಳೆಯದಕ್ಕೇ. ಕಾರ್ಟಿಸಾಲ್ ಸಕ್ಕರೆಯನ್ನು ಒದಗಿಸುತ್ತದೆ, ಓಡಲು ಶಕ್ತಿ ಕೊಡುತ್ತದೆ. ಸಾಕಷ್ಟು ಏರಿದ ಮೇಲೆ ಮಿದುಳಿಗೇ ಮರಳಿ, ಇನ್ನು ಸಾಕು ಎಂದು ಸಿಆರ್‌ಎಚ್ ಅನ್ನು ತಗ್ಗಿಸುತ್ತದೆ. ತೋಳ ಬಂದು ಹೋದರೆ ಅಲ್ಲಿಗೆ ಮುಗಿಯಿತು. ಸಂತೆಯಿಂದ ಬೆಂಗಳೂರಿಗೋ ಮುಂಬೈಗೋ ಹೊರಟ ಲಾರಿಯಲ್ಲಿ ಅದು ಮುಗಿಯುವುದಿಲ್ಲ. ಒತ್ತಡ ದಿನಗಟ್ಟಲೆ ಎಳೆದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಲಿವರ್‌ಪೂಲ್‌ನ ಹಿಲರಿ ಡಾಬ್ಸನ್ ಮತ್ತು ರಾಬರ್ಟ್ ಸ್ಮಿತ್ ಹೆಣ್ಣುಕುರಿಗಳನ್ನು ವಾಹನದಲ್ಲಿ ಸಾಗಿಸಿ ನೋಡಿದಾಗ, ಅಂಡ ಬಿಡುಗಡೆಗೆ ಬೇಕಾದ ಪಿಟ್ಯುಟರಿಯ ಎಲ್‌ಎಚ್ ಏರಿಕೆಯೇ ಏರುಪೇರಾಯಿತು. ಕಡಿಯುವ ಕುರಿಯ ವಿಷಯ ಇನ್ನೊಂದು. ಹೆದರಿ ದಣಿದ ಪ್ರಾಣಿಯ ಸ್ನಾಯುವಿನಲ್ಲಿ ಗ್ಲೈಕೊಜನ್ ಬರಿದಾಗಿರುತ್ತದೆ, ಸತ್ತ ಮೇಲೆ ಲ್ಯಾಕ್ಟಿಕ್ ಆಮ್ಲ ಬೇಕಾದಷ್ಟು ಹುಟ್ಟುವುದಿಲ್ಲ. ಮಾಂಸ ಕಪ್ಪಾಗಿ, ಗಡಸಾಗಿ, ಬೇಗ ಕೆಡುತ್ತದೆ.

ನನ್ನನ್ನು ಹೆಚ್ಚು ಕಲಕಿದ್ದು ಕೀತ್ ಕೆಂಡ್ರಿಕ್ ಅವರ ತಂಡ ಇಂಗ್ಲೆಂಡಿನ ಬಾಬ್ರಹಂನಲ್ಲಿ ನಡೆಸಿದ ಕೆಲಸ. ಕುರಿಯೊಂದು 50 ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಡಬಲ್ಲದು ಎಂದು ಅವರು 2001ರಲ್ಲಿ ಪ್ರಕಟಿಸಿದರು. 2004ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟ ಕುರಿಗೆ ಇನ್ನೊಂದು ಕುರಿಯ ಮುಖದ ಚಿತ್ರ ತೋರಿಸಿದರು. ಕೂಗು ಕಡಿಮೆಯಾಯಿತು, ಎದೆಬಡಿತ ಇಳಿಯಿತು, ಕಾರ್ಟಿಸಾಲೂ ತಗ್ಗಿತು. ಬರೀ ಚಿತ್ರಕ್ಕೇ ಇಷ್ಟು ಶಕ್ತಿಯಿದ್ದರೆ ಜೊತೆಗೆ ಬೆಳೆದ ಕುರಿಯೊಂದು ಪಕ್ಕದಲ್ಲಿ ನಿಂತರೆ ಎಷ್ಟಿರಬೇಡ! ತಲೆತಲಾಂತರದಿಂದ ಹಿಂಡನ್ನು ಹಿಂಡಾಗಿಯೇ ನಡೆಸಿದ ಹಾಲುಮತದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದವರು ಅವರಿಂದ ಕೊಂಡು ಲಾರಿ ತುಂಬುವವರು.

ನಮ್ಮ ದೇಶದಲ್ಲಿ ಪ್ರಾಣಿ ಸಾಗಣೆಯ ನಿಯಮಗಳು 1978ರಿಂದಲೇ ಇವೆ. ಕುರಿ, ಮೇಕೆಗಳನ್ನು ಬೇರೆ ಬೇರೆ ಇರಿಸಬೇಕು, ಟಗರುಗಳನ್ನು ಹೆಣ್ಣುಗಳ ಜೊತೆ ತುಂಬಬಾರದು, ಕಾಲಡಿಗೆ ಹುಲ್ಲು ಹಾಸಬೇಕು, ಮೇವು ಕೊಡಬೇಕು. ಕೊಳ್ಳುವವರಲ್ಲಿ ನನ್ನ ಕೇಳಿಕೆ ಇದಕ್ಕಿಂತ ತುಸು ಹೆಚ್ಚು. ಒಂದೇ ಹಿಂಡಿನ ಕುರಿಗಳನ್ನು ಲಾರಿಯಲ್ಲೂ ಒಟ್ಟಿಗೇ ಹತ್ತಿಸಿ, ಕಾಲು ಹಿಡಿದು ಎಸೆಯಬೇಡಿ, ಹತ್ತಲು ಒಂದು ಹಲಗೆ ಇಡಿ, ಹೊರಡುವ ಮುನ್ನ ನೆರಳಿನಲ್ಲಿ ನೀರು ಕುಡಿಸಿ.