ಗಂಡ-ಹೆಂಡತಿಯ ನಡುವೆ ಸಭೆಗೆ ಎಷ್ಟು ಜಾಗ?

ನಾರ್ತ್ ಕ್ಯಾರೊಲೈನಾದ ವಿನ್‌ಸ್ಟನ್-ಸೇಲಂನಲ್ಲಿ ಮೊರೇವಿಯನ್ ಕ್ರೈಸ್ತರ ಹಳೆಯ ಸ್ಮಶಾನವೊಂದಿದೆ. ಹೆಸರು 'ಗಾಡ್ಸ್ ಏಕರ್'. ಶಾರ್ಲಟ್‌ನಿಂದಲೋ ಕ್ಯಾರಿಯಿಂದಲೋ ಮಕ್ಕಳನ್ನು ಕಟ್ಟಿಕೊಂಡು ಓಲ್ಡ್ ಸೇಲಂಗೆ ಹೋಗಿ, ಅಲ್ಲಿನ ಹಾಳೆಯಷ್ಟು ತೆಳ್ಳಗಿನ ಶುಂಠಿ ಕುಕೀ ತಿಂದು ಬಂದವರು ಇದನ್ನೂ ನೋಡಿರಬಹುದು. ಒಂದೇ ಅಳತೆಯ ಚಪ್ಪಟೆ ಕಲ್ಲುಗಳು ಸಾಲು ಸಾಲಾಗಿವೆ, ಬಡವ-ಬಲ್ಲಿದ ಭೇದವಿಲ್ಲ. ಆದರೆ ಗಂಡನ ಪಕ್ಕದಲ್ಲಿ ಹೆಂಡತಿಯನ್ನು ಹುಡುಕಿದರೆ ಸಿಗುವುದಿಲ್ಲ. ಮದುವೆಯಾದ ಗಂಡಸರು ಒಂದು ಭಾಗದಲ್ಲಿ, ಮದುವೆಯಾದ ಹೆಂಗಸರು ಇನ್ನೊಂದರಲ್ಲಿ, ಮದುವೆಯಾಗದವರು ಮತ್ತೆ ಬೇರೆ.

1766ರಲ್ಲಿ ಸೇಲಂ ಊರು ಕಟ್ಟಿದ ಈ ಜನ ಸಭೆಯನ್ನೇ ಮನೆಯೆಂದು ತಿಳಿದವರು. ವಯಸ್ಸು, ಮದುವೆ ನೋಡಿ ಗುಂಪು ಮಾಡಿಕೊಂಡಿದ್ದರು. ಯಾರು ಯಾರನ್ನು ಮದುವೆಯಾಗಬೇಕೆಂಬ ಪ್ರಶ್ನೆಗೆ ಹಿರಿಯರು ಪ್ರಾರ್ಥನೆ ಮಾಡಿ ಚೀಟಿ ಎತ್ತುತ್ತಿದ್ದರು. 'ಬೇಡ' ಎಂದು ಬಂದರೆ ಮಾತು ಮುಗಿಯಿತು. ಸಾಮಾನ್ಯ ಸದಸ್ಯರಿಗೆ ಈ ಕಟ್ಟುಪಾಡು ಸಡಿಲವಾದದ್ದು 1818ರಲ್ಲಿ. ಆದರೂ ಅವರಲ್ಲಿ ಒಂದು ಒಳ್ಳೆಯ ಸಂಗತಿ ಇತ್ತು. ಗಂಡ-ಹೆಂಡತಿಯ ಕೂಟವನ್ನು ಅವರು ಪಾಪವೆಂದಾಗಲಿ, ಬಾಯಿ ಬಿಡಬಾರದ ವಿಷಯವೆಂದಾಗಲಿ ಎಣಿಸಲಿಲ್ಲ. ಅದು ಪವಿತ್ರವೆಂದು ನಂಬಿ, ಹೊಸದಾಗಿ ಮದುವೆಯಾದವರಿಗೆ ಹಿರಿಯರೇ ಬಿಡಿಸಿ ಹೇಳುತ್ತಿದ್ದರು.

ಚೀಟಿ ಎತ್ತುವ ಕಥೆ ಕೇಳಿ ನಗುವ ಮುನ್ನ ನಮ್ಮ ಮಂಗಳೂರನ್ನೂ ನೆನೆಯಬೇಕು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ ನಮಗೆ ಅಚ್ಚುಕೂಟ, ಹಂಚು, ಕಿಟ್ಟೆಲ್ಲರ ನಿಘಂಟು ಎಲ್ಲ ಕೊಟ್ಟಿತು. ಆದರೆ ಅದರ ಮಿಷನರಿಗಳು ಬಾಸೆಲ್‌ನ ಸಮಿತಿಯ ಅಪ್ಪಣೆ ಇಲ್ಲದೆ ಮದುವೆಯಾಗುವಂತಿರಲಿಲ್ಲ. ಎಷ್ಟೋ ಮಂದಿಗೆ ಮುಖ ಕಂಡಿರದ ವಧು ಯೂರೋಪಿನಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದಳು. ಅಟ್ಲಾಂಟಾದವರಿಗೆ ಇನ್ನೂ ಹತ್ತಿರದ ಕಥೆ ಬೇಕೆಂದರೆ ನಾಲ್ಕು ಗಂಟೆ ದಾರಿಯ ಸವಾನಾ ಇದೆ. ಮುಂದೆ ಮೆಥೊಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿ ಅಲ್ಲಿ ಪಾದ್ರಿಯಾಗಿದ್ದ. ತಾನು ಮೆಚ್ಚಿದ್ದ ಸೋಫಿಯಾ ಹಾಪ್ಕಿ 1737ರಲ್ಲಿ ಬೇರೆಯವನನ್ನು ಮದುವೆಯಾದಳು. ಕೆಲವು ತಿಂಗಳಲ್ಲೇ ವೆಸ್ಲಿ ಅವಳಿಗೆ ಕರ್ತನ ಭೋಜನ ಕೊಡಲು ನಿರಾಕರಿಸಿದ. ಪ್ರಕರಣ ಕೋರ್ಟಿಗೆ ಹೋಯಿತು. ವರ್ಷ ಮುಗಿಯುವುದರೊಳಗೆ ಅವನು ಊರನ್ನೇ ಬಿಟ್ಟ.

ಅಲ್ಲೆಲ್ಲ ಸಭೆ ಮಲಗುವ ಕೋಣೆಯ ಬಾಗಿಲಿನ ತನಕ ಬಂದಿತ್ತು. ನಮ್ಮ ಕಾಲದ ತೊಂದರೆ ಬೇರೆಯೇ. ಆಶ್‌ಬರ್ನ್, ಜಾನ್ಸ್ ಕ್ರೀಕ್, ಮಾರಿಸ್‌ವಿಲ್, ಎಲ್ಲೇ ಹೋಗಿ, ಭಾನುವಾರ ಚೆನ್ನಾಗಿ ಉಡುಪು ಹಾಕಿಕೊಂಡು ಕುಳಿತ ಕನ್ನಡ ದಂಪತಿಯನ್ನು "ನೀವಿಬ್ಬರೂ ಹೇಗಿದ್ದೀರಿ?" ಎಂದು ನಿಜವಾಗಿ ಕೇಳುವವರು ಕಡಿಮೆ. ಊರಿನಲ್ಲಾದರೆ ಮುಖ ನೋಡಿಯೇ ಗುರುತಿಸುವ ಅತ್ತಿಗೆಯೋ ಚಿಕ್ಕಮ್ಮನೋ ಇರುತ್ತಿದ್ದಳು. ಇಲ್ಲಿ ಎಲ್ಲವೂ ಇಬ್ಬರ ತಲೆಯ ಮೇಲೆಯೇ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಪೌಲ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ದಂಪತಿ ಒಬ್ಬರಿಂದೊಬ್ಬರು ದೂರವಿರುವುದಾದರೆ ಇಬ್ಬರೂ ಒಪ್ಪಿರಬೇಕು, ಅದು ಸ್ವಲ್ಪ ಕಾಲ ಮಾತ್ರ, ಅದೂ ಪ್ರಾರ್ಥನೆಗಾಗಿ. ನಮ್ಮಲ್ಲಿ ದೂರವಾಗುವುದು ಬೆಂಗಳೂರು ಟೀಮಿನ ರಾತ್ರಿ ಹತ್ತರ ಕಾಲ್‌ಗಾಗಿ, ನಡುವೆ ಮಲಗುವ ನಾಲ್ಕು ವರ್ಷದ ಮಗುವಿಗಾಗಿ, ಪಕ್ಕದ ಕೋಣೆಯಲ್ಲಿ ಆರು ತಿಂಗಳಿಗೆಂದು ಬಂದಿರುವ ಅತ್ತೆ-ಮಾವನ ಸಂಕೋಚಕ್ಕಾಗಿ. ಯಾರೂ ಒಪ್ಪಿಗೆ ಕೇಳಿರುವುದಿಲ್ಲ, ಗಡುವೂ ಇರುವುದಿಲ್ಲ. ಧರ್ಮೋಪದೇಶಕಾಂಡದ 24ನೇ ಅಧ್ಯಾಯವಂತೂ ಹೊಸದಾಗಿ ಮದುವೆಯಾದವನಿಗೆ ಒಂದು ವರ್ಷ ಯುದ್ಧದಿಂದಲೇ ರಜೆ ಕೊಡುತ್ತದೆ, ಹೆಂಡತಿಯನ್ನು ಸಂತೋಷಪಡಿಸಲೆಂದು. ಯಾವ ಕಂಪನಿಯ ಎಚ್‌ಆರ್ ಇದನ್ನು ಒಪ್ಪೀತು!

ಪೌಲನ ಮಾತಿನಲ್ಲಿ ಇನ್ನೂ ಒಂದಿದೆ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವೆಂದು ಹೇಳಿ, ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅದೇ ಅಧಿಕಾರವೆನ್ನುತ್ತಾನೆ. ಪಾಠದ ಮೊದಲರ್ಧವನ್ನಷ್ಟೇ ಓದಿ ಹೇಳುವವರುಂಟು. ಹೊಡೆತ ತಿಂದ ಹೆಂಡತಿಯನ್ನು "ಪ್ರಾರ್ಥನೆ ಮಾಡು, ತಗ್ಗಿ ನಡೆ" ಎಂದು ವಾಪಸು ಕಳಿಸುವ ಸಭೆ ಕನ್ನಡದ್ದೇ ಆಗಲಿ, ಇಂಗ್ಲಿಷಿನದೇ ಆಗಲಿ, ಅದರಲ್ಲಿ ಕೂರಬೇಕಾಗಿಲ್ಲ. ಅಲ್ಲಿ ಬೇಕಾದದ್ದು ಪೊಲೀಸರು, ಡಾಕ್ಟರು.

ಈ ಸಮಾನತೆಯನ್ನು ಮಕ್ಕಳು ಮೊದಲು ಗಮನಿಸುವುದು ಕನ್ನಡದಲ್ಲೇ. "ಅಮ್ಮ ಅಪ್ಪನಿಗೆ ಯಾಕೆ 'ಏನ್ರೀ, ನೀವು' ಅಂತಾಳೆ, ಅಪ್ಪ ಮಾತ್ರ ಯಾಕೆ 'ನೀನು'?" ಇಂಗ್ಲಿಷಿನ 'ಯೂ' ಬಲ್ಲ ಮಗುವಿಗೆ ಇದು ನ್ಯಾಯವಾದ ಪ್ರಶ್ನೆ. 'ರೀ' ಎಂಬುದರಲ್ಲಿ ಎಷ್ಟು ಸಲುಗೆ, ಎಷ್ಟು ಮುನಿಸು ಹಿಡಿಸುತ್ತದೆ ಎಂದು ಮಗುವಿಗೆ ವಿವರಿಸಬಹುದು. ಇಬ್ಬರೂ 'ನೀನು' ಎಂದುಕೊಳ್ಳುವ ಮನೆಗಳೂ ಇವೆ ಎನ್ನಬಹುದು. ಪ್ರಶ್ನೆಯನ್ನು "ಸುಮ್ಮನಿರು" ಎಂದು ಮುಚ್ಚಿದರೆ ಮುಂದಿನ ಪ್ರಶ್ನೆಗಳು ನಮ್ಮ ಬಳಿಗೆ ಬರುವುದಿಲ್ಲ.

ಹಾಗಾದರೆ ಯಾವ ಸಭೆ? ತಿಂಗಳಿಗೊಮ್ಮೆ ಐವತ್ತು ಮೈಲಿ ಹೋಗಿ ಸೇರುವ ಕನ್ನಡ ಕೂಟದಲ್ಲಿ ಕೀರ್ತನೆ ಇದೆ, ಬಿರಿಯಾನಿ ಇದೆ, ಆದರೆ ಮನದ ಮಾತಾಡಲು ಭಯ: ನಾವು ಮನೆ ಸೇರುವ ಮುಂಚೆ ಸುದ್ದಿ ಹುಬ್ಬಳ್ಳಿ ಸೇರಿರುತ್ತದೆ. ಮನೆ ಹತ್ತಿರದ ಇಂಗ್ಲಿಷ್ ಚರ್ಚಿನ ಸಣ್ಣ ಗುಂಪಿನಲ್ಲಿ ಎಲ್ಲರೂ ಬಿಚ್ಚಿ ಮಾತಾಡುತ್ತಾರೆ, ನಮಗೆ ಮಾತ್ರ ಮಾತು ಗಂಟಲಲ್ಲಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಹತ್ತಿರದ ಸಭೆಯೇ ಸರಿ. ವಾರ ವಾರ ಮುಖ ನೋಡುವವರಿಗೆ ಮಾತ್ರ ಗೊತ್ತಾಗುತ್ತದೆ ಇವತ್ತು ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಬಂದರೆಂದು. ಶುಕ್ರವಾರ ಸಂಜೆ ಮಕ್ಕಳನ್ನು ಮೂರು ಗಂಟೆ ನೋಡಿಕೊಳ್ಳುವ ಅಜ್ಜಿಯೂ ಅಲ್ಲೇ ಸಿಗುತ್ತಾಳೆ. ಕನ್ನಡ ಪ್ರಾರ್ಥನೆ ಮನೆಯಲ್ಲಿ, ರಾತ್ರಿ, ದೀಪ ಆರಿಸುವ ಮುಂಚೆ ಇರಲಿ. ಹೀಬ್ರೂ ಬೈಬಲ್ ಆದಾಮ-ಹವ್ವರ ಕೂಟಕ್ಕೆ ಬಳಸುವ 'ಯಾದಾ' ಎಂಬ ಪದಕ್ಕೆ ಅರಿಯುವುದು ಎಂದರ್ಥ. ನಮ್ಮ ಹಿರಿಯರೂ 'ಅರಿತು ಬಾಳಿ' ಎಂದೇ ಹರಸುತ್ತಿದ್ದರು.

ಮಕ್ಕಳಿಗೆ ಇದರಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. 'ಒಪ್ಪಿಗೆ' ಎಂಬ ಪದವನ್ನು ಕನ್ನಡದಲ್ಲೇ ಕಲಿಸಬಹುದು, ಅಜ್ಜ ಮುತ್ತು ಕೊಡುವಾಗಲೂ ಕೇಳಿ ಕೊಡಲಿ. ಮಲಗುವ ಕೋಣೆಯ ಬಾಗಿಲು ಮುಚ್ಚಿದ್ದರೆ ಅಪ್ಪ-ಅಮ್ಮ ಜಗಳವಾಡುತ್ತಿಲ್ಲ, ಜೊತೆಗಿದ್ದಾರೆ; ತಟ್ಟಿ, "ಬರಲಾ?" ಎಂದು ಕೇಳಿ, ಉತ್ತರ ಬಂದ ಮೇಲೆ ಒಳಗೆ ಬಾ. ಮೂರು ವರ್ಷದವರಿಗೂ ಇದು ಅರ್ಥವಾಗುತ್ತದೆ. ಅಜ್ಜ-ಅಜ್ಜಿಗೆ ಕಲಿಸುವುದು ಸ್ವಲ್ಪ ಕಷ್ಟ.