ಹಳೆಯ ಭಾವಚಿತ್ರದ ಸೀರೆಗೆ ಹೆಸರು ಹೇಳುವವರು ಯಾರು?

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ಅದು ಕಾಂದಿವಲಿ ಪೂರ್ವದ ಆಕುರ್ಲಿ ರಸ್ತೆಯ ಬದಿಯ ಒಂದು ಕೋಣೆಯ ಬಿಡಾರವಾಗಲಿ, ಪಶ್ಚಿಮದ ಚಾರ್ಕೋಪಿನ ಸೊಸೈಟಿಯ ಮನೆಯಾಗಲಿ, ಕಪಾಟಿನ ಮೇಲೆ ಒಂದು ತಗಡಿನ ಪೆಟ್ಟಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರಲ್ಲಿ ಊರಿನ ತೀರ್ವೆಯ ರಶೀದಿಗಳು, ಹಳೆಯ ರೇಶನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆಗಳು. ಎಲ್ಲಕ್ಕೂ ಅಡಿಯಲ್ಲಿ ಅಂಚು ಹಳದಿಗಟ್ಟಿದ ಹತ್ತಿಪ್ಪತ್ತು ಭಾವಚಿತ್ರಗಳು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದ ಹಿರಿಯರು, ಮನೆಗೆ ಕಳುಹಿಸಲೆಂದು ಇಲ್ಲಿಯ ಸ್ಟುಡಿಯೋದಲ್ಲಿ ನಿಂತು ತೆಗೆಸಿಕೊಂಡ ಮೊದಲ ಚಿತ್ರವೂ, ಮುಂದೆ ಊರಿನಲ್ಲಿ ಜರುಗಿದ ಮದುವೆಯ ಚಿತ್ರವೂ ಅಲ್ಲಿಯೇ ದೊರೆಯುವುವು.

ಕಳೆದ ಎರಡು ಮೂರು ವರ್ಷಗಳಿಂದ ಈ ಚಿತ್ರಗಳಿಗೆ ಹೊಸದೊಂದು ಯೋಗ ಬಂದಿದೆ. ಚಿತ್ರವನ್ನು ತೋರಿಸಿ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಎ.ಐ. ಸಹಾಯಕಗಳು 2023ರಿಂದೀಚೆಗೆ ಫೋನುಗಳಲ್ಲಿ ಬಂದು ಕುಳಿತಿವೆ. ಚಾಟ್‌ಜಿಪಿಟಿ, ಜೆಮಿನಿ ಮೊದಲಾದ ಹೆಸರುಗಳು ವಾಚಕರಿಗೆ ಅಪರಿಚಿತವಲ್ಲ. ಮನೆಯ ಮಕ್ಕಳು ಕಪಾಟಿನ ಬಟ್ಟೆಗಳ ಫೋಟೋ ತೆಗೆದು, ಯಾವುದು ಯಾವ ಬಗೆ, ಯಾವ ಬಣ್ಣ, ಯಾವುದಕ್ಕೆ ಯಾವುದು ಒಪ್ಪುತ್ತದೆ ಎಂಬ ಪಟ್ಟಿಯನ್ನು ಇವುಗಳಿಂದ ಬರೆಯಿಸುತ್ತಾರೆ. ಅದರಲ್ಲಿ ನಮಗೆ ಹೇಳಿಕೊಳ್ಳುವ ಆಕ್ಷೇಪವಿಲ್ಲ. ಇಂದಿನ ಅಂಗಿ ಪ್ಯಾಂಟುಗಳನ್ನು ಗುರುತಿಸುವುದು ಅದಕ್ಕೆ ಸುಲಭ. ತಪ್ಪಿದರೂ ನಷ್ಟವಿಲ್ಲ, ಬಟ್ಟೆ ಕಣ್ಣೆದುರಿಗೇ ಇರುತ್ತದೆ. ಆದರೆ ಅದೇ ಕೈಗಳು ಈಗ ಹಳೆಯ ಚಿತ್ರಗಳ ಕಡೆಗೂ ಚಾಚಿವೆ. ಅಲ್ಲಿ ಬಟ್ಟೆ ಹರಿದು ಎಷ್ಟೋ ಕಾಲವಾಗಿದೆ. ಉಟ್ಟವರಲ್ಲಿಯೂ ಬಹುಮಂದಿ ಇಲ್ಲ. ಪಟ್ಟಿಯಲ್ಲಿ ಏನು ಬರೆದಿದೆಯೋ ಅದೇ ಮುಂದಿನವರಿಗೆ ಸತ್ಯವಾಗುವುದು.

ಇಂಥ ಒಂದು ಪಟ್ಟಿ ಸಿದ್ಧವಾಗುವುದನ್ನು ಕಾಂದಿವಲಿಯ ಒಂದು ಮನೆಯಲ್ಲಿ ನಾವು ಕುಳಿತು ನೋಡಿದೆವು. ಚಿತ್ರಗಳು ನಲವತ್ತು. ಕಾಲೇಜಿಗೆ ಹೋಗುವ ಮೊಮ್ಮಗಳು ಒಂದೊಂದನ್ನೂ ಫೋನಿಗೆ ತೋರಿಸುತ್ತಾ ಹೋದಳು. ಒಂದು ಚಹ ಕುಡಿದು ಮುಗಿಸುವಷ್ಟರಲ್ಲಿ ಅರ್ಧದಷ್ಟಕ್ಕೆ ವಿವರ ಬಂದಿತ್ತು. ರವಕೆಯ ತೋಳು ಮೊಣಕೈವರೆಗೆ ಇದೆ, ಸೀರೆಯ ಅಂಚು ಅಗಲವಾಗಿದೆ, ಒಡಲಿನಲ್ಲಿ ಸಣ್ಣ ಚೌಕಳಿ ಇದೆ, ಗಂಡಸಿನ ಹೆಗಲ ಮೇಲೆ ಮಡಿಸಿದ ಶಲ್ಯವಿದೆ: ಹೀಗೆ ಕಣ್ಣಿಗೆ ಕಾಣುವುದನ್ನು ಅದು ಹೇಳಿದ ಬಗೆ ಮೆಚ್ಚತಕ್ಕದ್ದೇ. ನಮ್ಮ ಕಣ್ಣಿಗೆ ಬೀಳದಿದ್ದ ಒಂದು ಕೈಗಡಿಯಾರವನ್ನೂ ಅದು ಹುಡುಕಿ ತೋರಿಸಿತು.

ತೊಡಕು ಆರಂಭವಾದುದು ಮದುವೆಯ ಚಿತ್ರದಿಂದ. ಕಪ್ಪು ಬಿಳುಪಿನ ಆ ಚಿತ್ರದಲ್ಲಿದ್ದ ವಧುವಿನ ಸೀರೆಯನ್ನು ಯಂತ್ರವು ಕಪ್ಪು ರೇಷ್ಮೆ ಸೀರೆಯೆಂದು ಬರೆಯಿತು. ಆಚೆ ಕುಳಿತು ಬೀನ್ಸಿನ ನಾರು ತೆಗೆಯುತ್ತಿದ್ದ ಅಜ್ಜಿಗೆ ಇದು ಕೇಳಿಸಿತು.

"ಕಪ್ಪೆಲ್ಲಿ ಮಗಾ! ಅದು ನನ್ನ ಧಾರೆಸೀರೆ. ಧಾರೆಗೆ ಯಾರಾದರೂ ಕಪ್ಪು ಉಡುತ್ತಾರೆಯೇ? ಕುಂಕುಮದ ಕೆಂಪು."

"ಫೋಟೋದಲ್ಲಿ ಕಪ್ಪೇ ಕಾಣುತ್ತದಲ್ಲ ಅಜ್ಜಿ."

"ಫೋಟೋಕ್ಕೇನು ಗೊತ್ತು?"

ಅಜ್ಜಿಯ ಮಾತಿನಲ್ಲಿ ಶಾಸ್ತ್ರವೇ ಅಡಗಿದೆ. ಹಿಂದಿನ ಕಾಲದಲ್ಲಿ ಬಳಕೆಯಲ್ಲಿದ್ದ ಒಂದು ಜಾತಿಯ ಫಿಲ್ಮಿಗೆ ನೀಲಿ, ಹಸಿರುಗಳ ಬೆಳಕು ತಾಕುತ್ತಿತ್ತು, ಕೆಂಪಿನದು ತಾಕುತ್ತಿರಲಿಲ್ಲ. ಆದುದರಿಂದ ಕೆಂಪು ವಸ್ತುಗಳು ಅಚ್ಚಿನಲ್ಲಿ ಕಪ್ಪಾಗಿಯೂ ನೀಲಿಯವು ಬೆಳ್ಳಗಾಗಿಯೂ ಬರುತ್ತಿದ್ದುವು. ಎಲ್ಲ ಬಣ್ಣಗಳ ಬೆಳಕನ್ನೂ ಹಿಡಿಯುವ ಫಿಲ್ಮು ಬಂದ ಮೇಲೂ ಕೆಂಪೋ ಹಸಿರೋ ಎಂದು ಕಪ್ಪುಬಿಳುಪಿನಿಂದ ನಿರ್ಣಯಿಸುವುದು ಸಾಧ್ಯವಿರಲಿಲ್ಲ. ಈಗ ಹಳೆಯ ಚಿತ್ರಕ್ಕೆ ಬಣ್ಣ ತುಂಬಿ ಕೊಡುವ ಯಂತ್ರಗಳೂ ಉಂಟು. ಅವು ತುಂಬುವುದು ಊಹೆಯ ಬಣ್ಣವೇ ಹೊರತು ಉಟ್ಟ ಬಣ್ಣವಲ್ಲ. ಮದುವಣಗಿತ್ತಿಗೆ ಕಪ್ಪು ಸೀರೆ ಉಡಿಸಿ ಪಟ್ಟಿಯಲ್ಲಿ ದಾಖಲಿಸುವುದೆಂದರೆ, ನಮ್ಮ ಕಡೆಯ ಹಿರಿಯರಿಗೆ ಅದು ಬರಿಯ ತಪ್ಪಲ್ಲ, ಅಮಂಗಳವೇ.

ಇನ್ನೊಂದು ಚಿತ್ರ ನೆರೆಮನೆಯವರದು. ಅವರ ಮೂಲ ಬಾಗಲಕೋಟೆಯ ಕಡೆ. ಕಚ್ಚೆ ಹಾಕಿ ಸೀರೆ ಉಟ್ಟ ಹಿರಿಯಾಕೆ ಅದರಲ್ಲಿ ನಿಂತಿದ್ದಾಳೆ. ಯಂತ್ರವು ಒಂದು ಕ್ಷಣವೂ ಅನುಮಾನಿಸದೆ ಮಹಾರಾಷ್ಟ್ರದ ನೌವಾರಿ ಎಂದಿತು. ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದಿದೆ. ಒಂದೇ ಸೀರೆಗೆ ಒಂದಕ್ಕಿಂತ ಹೆಚ್ಚು ಹೆಸರುಗಳಿರುವುವು. ನೌವಾರಿ ಎಂಬುದು ಅಳತೆಯ ಹೆಸರು, ಒಂಬತ್ತು ವಾರು. ರೂಢಿಯಲ್ಲಿ ಅದು ಉಡುವ ಬಗೆಯ ಹೆಸರೂ ಆಗಿದೆ. ಇಳಕಲ್ಲ ಎಂಬುದು ನೇಯ್ದ ಊರಿನ ಹೆಸರು. ಕಚ್ಚೆ ಉಡುವುದು ಕೃಷ್ಣೆಯ ಆಚೆಗೂ ಈಚೆಗೂ ಇತ್ತು; ಇಳಕಲ್ಲಿನ ಸೀರೆಯನ್ನು ಸೊಲ್ಲಾಪುರ, ಕೊಲ್ಲಾಪುರಗಳ ಹೆಂಗಸರೂ ಇರಕಲ್ ಎಂದು ಕರೆದು ಉಡುತ್ತಾ ಬಂದಿದ್ದಾರೆ. ಉಟ್ಟ ಬಗೆಯನ್ನು ಕಂಡು ನಾಡನ್ನು ತೀರ್ಮಾನಿಸಿದರೆ ಕನ್ನಡ ಮಗ್ಗದ ಸೀರೆ ಮರಾಠಿಯಾಗುವುದು. ಮರಾಠಿ ನೆರೆಯವರೊಡನೆ ನಮಗೆ ಜಗಳವೇನೂ ಇಲ್ಲ. ಅವರೂ ಆ ಸೀರೆಯನ್ನು ಪ್ರೀತಿಯಿಂದ ಉಟ್ಟವರೇ. ಆದರೆ ನೇಯ್ದವನ ಊರು ಅಳಿಸಿಹೋಗಬಾರದಷ್ಟೆ.

ಇಳಕಲ್ಲ ಸೀರೆಯನ್ನು ಬಲ್ಲವರು ಗುರುತಿಸುವುದು ಹೇಗೆ? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಕೋದು ಜೋಡಿಸುವ ಕೆಲಸಕ್ಕೆ ಕೊಂಡಿ ಎಂದು ಹೆಸರು. ಕೆಂಪು ಸೆರಗಿನಲ್ಲಿ ಬಿಳಿಯ ಪಟ್ಟೆಗಳು, ಅವುಗಳಿಂದ ಚಾಚಿದ ತೆನೆಯಂಥ ಹಲ್ಲುಗಳು. ಚಿತ್ರದಲ್ಲಿ ಸೆರಗು ಬೆನ್ನ ಹಿಂದಿದ್ದರೆ ಇದಾವುದೂ ಕಾಣದು. ಜೊತೆಗೆ ತೊಟ್ಟ ಕುಪ್ಪಸ ಗುಳೇದಗುಡ್ಡದ ಖಣವೋ ಅಲ್ಲವೋ ಎಂಬುದನ್ನೂ ಕೈಯಿಂದ ಮುಟ್ಟಿದವರೇ ಹೇಳಬೇಕು. ಅಜ್ಜಿ ಹೇಳಿದ "ಧಾರೆಸೀರೆ" ಎಂಬ ಹೆಸರಂತೂ ಬಟ್ಟೆಯಲ್ಲಿಯೇ ಇಲ್ಲ. ಅದು ಉಟ್ಟ ದಿನದ ಹೆಸರು.

ಗಂಡಸರ ಚಿತ್ರಗಳಲ್ಲಿ ಪರಿಸ್ಥಿತಿ ಬೇರೆ. ಹದಿನೇಳು ಹದಿನೆಂಟರ ತರುಣನೊಬ್ಬ ಕೋಟು ತೊಟ್ಟು ಹೂಕುಂಡದ ಪಕ್ಕದಲ್ಲಿ ನಿಂತಿದ್ದಾನೆ. ಯಂತ್ರ ಬರೆದುದು: "ಪಾಶ್ಚಾತ್ಯ ಶೈಲಿಯ ಸೂಟು, ಅನುಕೂಲಸ್ಥ ಕುಟುಂಬದವನಿರಬಹುದು." ಅಜ್ಜಿ ನಕ್ಕರು. ಕೋಟು ಸ್ಟುಡಿಯೋದ್ದು. ಅಂದಿನ ಸ್ಟುಡಿಯೋಗಳು ಗಿರಾಕಿಗಳಿಗಾಗಿ ಕೋಟು, ಟೈ ಇಟ್ಟುಕೊಂಡಿರುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ತರುಣ ಆಗ ಕ್ಲೀನರ್ ಹುಡುಗ. ರಾತ್ರಿ ಹೋಟೆಲಿನ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದವನು. ತಾಯಿ ಚಿಂತಿಸಬಾರದೆಂದು ಆ ಕೋಟಿನಲ್ಲಿ ನಿಂತು ಚಿತ್ರ ತೆಗೆಸಿ ಊರಿಗೆ ಅಂಚೆಯಲ್ಲಿ ಕಳುಹಿಸಿದನು. ಮೊಮ್ಮಗಳಿಗೆ ಈ ವಿಷಯ ಅಂದಿನವರೆಗೆ ತಿಳಿದಿರಲಿಲ್ಲ. ಅವಳು ಫೋನನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದಳು.

ಯಂತ್ರವು ಹೀಗೇಕೆ ಎಡವುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದರ ಶಾಲೆಯನ್ನು ನೋಡಬೇಕು. ಹೆಸರು ಬರೆದ ಲಕ್ಷಾಂತರ ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಬಟ್ಟೆಯ ಗುರುತು ಕಲಿಸುವರು. 2017ರಲ್ಲಿ ಯುರೋಪಿನ ಜಲಾಂಡೋ ಎಂಬ ಬಟ್ಟೆ ವ್ಯಾಪಾರದ ಕಂಪನಿಯ ಸಂಶೋಧಕರು ಪ್ರಕಟಿಸಿದ ಒಂದು ಸಂಗ್ರಹವು ಜಗತ್ತಿನ ವಿದ್ಯಾರ್ಥಿಗಳಿಗೆಲ್ಲ ಪ್ರಥಮ ಪಾಠದಂತಿದೆ. ಅದರಲ್ಲಿ 70,000 ಚಿತ್ರಗಳು, ಹತ್ತೇ ಬುಟ್ಟಿಗಳು: ಟೀ ಶರ್ಟು, ಪ್ಯಾಂಟು, ಸ್ವೆಟರು, ಫ್ರಾಕು, ಕೋಟು, ಚಪ್ಪಲಿ, ಶರ್ಟು, ಕ್ಯಾನ್ವಾಸ್ ಜೋಡು, ಚೀಲ, ಬೂಟು. ಸೀರೆಯಿಲ್ಲ, ಪಂಚೆಯಿಲ್ಲ. ನಮ್ಮ ಹೋಟೆಲಿನ ಅಡುಗೆ ಭಟ್ಟರನ್ನು ಅದರ ಮುಂದೆ ನಿಲ್ಲಿಸಿದರೆ ಹತ್ತರಲ್ಲಿ ಯಾವ ಬುಟ್ಟಿಗೆ ಹಾಕುತ್ತಿತ್ತೋ! 2021ರಲ್ಲಿ ಭಾರತೀಯ ಉಡುಪುಗಳದೇ ಒಂದು ಸಂಗ್ರಹ ಬಂದಿತು. ಅದರಲ್ಲಿ ಲಕ್ಷಕ್ಕೂ ಮಿಕ್ಕಿದ ಚಿತ್ರಗಳು, 15 ಬಗೆಗಳು. ಅಲ್ಲಿ ಸೀರೆಗೆ ಸ್ಥಾನ ದೊರೆಯಿತು ನಿಜ. ಆದರೆ ಎಲ್ಲ ಸೀರೆಗಳಿಗೂ ಸೇರಿ ಒಂದೇ ಬುಟ್ಟಿ. ಇಂದಿನ ಸಹಾಯಕಗಳು ಇವಕ್ಕಿಂತ ಎಷ್ಟೋ ಪಾಲು ಹೆಚ್ಚು ಓದಿಕೊಂಡಿವೆ. ಕಾಂಜೀವರ, ಬನಾರಸಿ, ಪೈಠಣಿಗಳ ಹೆಸರನ್ನು ನಿರರ್ಗಳವಾಗಿ ಹೇಳುತ್ತವೆ. ಯಾವುದರ ಚಿತ್ರ ಅಂಗಡಿಗಳ ಜಾಹೀರಾತಿನಲ್ಲಿ ಹೇರಳವಾಗಿದೆಯೋ ಅದರ ಹೆಸರು ಅವುಗಳ ನಾಲಗೆಯ ತುದಿಯಲ್ಲಿದೆ.

ಜಾಹೀರಾತಿಗೆ ಬಾರದ ಬಟ್ಟೆಯ ಪಾಡೇನು? ಉಡುಪಿ ಸೀರೆಯನ್ನೇ ನೋಡಿರಿ. ಹಗುರವಾದ ಹತ್ತಿಯ ಕೈಮಗ್ಗದ ಸೀರೆ. ಸರಳವಾದ ಒಡಲು ಅಥವಾ ಚೌಕಳಿ. ಕರಾವಳಿಯ ಎಷ್ಟು ತಾಯಂದಿರು ಗದ್ದೆಯಲ್ಲಿಯೂ ಮನೆಯಲ್ಲಿಯೂ ಅದನ್ನು ಉಟ್ಟಿರಲಿಲ್ಲ! ಕ್ರಮೇಣ ನೇಯುವವರು ಬೆರಳೆಣಿಕೆಗೆ ಇಳಿದರು. ಕಾರ್ಕಳದ ಕದಿಕೆ ಟ್ರಸ್ಟಿನವರು 2018ರಿಂದೀಚೆಗೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದೊಡನೆ ಸೇರಿ ಅದಕ್ಕೆ ಮರುಜೀವ ಕೊಡಲು ಶ್ರಮಿಸುತ್ತಿದ್ದಾರೆ. ನಲವತ್ತು ಚಿತ್ರಗಳಲ್ಲಿ ಅಜ್ಜಿ ಉಡುಪಿ ಸೀರೆಯೆಂದು ಗುರುತಿಸಿದವು ಆರು. ಯಂತ್ರದ ಪಟ್ಟಿಯಲ್ಲಿ ಆರೂ "ಸಾಮಾನ್ಯ ಹತ್ತಿ ಸೀರೆ" ಎಂದಿದ್ದುವು.

ತಪ್ಪುವುದು ದೊಡ್ಡ ದೋಷವಲ್ಲ. ಗೊತ್ತಿಲ್ಲವೆಂದು ಹೇಳಲು ಅದು ಹಿಂಜರಿಯುವುದೇ ದೋಷ. ಗಿರಾಕಿಯ ಮಾತು ಅರ್ಥವಾಗದಿದ್ದರೂ ಮತ್ತೆ ಕೇಳದೆ ಏನಾದರೊಂದನ್ನು ತಂದು ಮೇಜಿನ ಮೇಲಿಡುವ ಹೊಸ ಮಾಣಿಯನ್ನು ನಾವೆಲ್ಲ ಕಂಡಿದ್ದೇವೆ. ಅವನು ಸೋಮಾರಿಯಲ್ಲ, ಚುರುಕಾಗಿಯೇ ಇದ್ದಾನೆ. ಕೇಳುವ ಅಭ್ಯಾಸವೊಂದನ್ನು ಮಾಡಿಸಬೇಕು. ಯಂತ್ರಕ್ಕೂ ಹಾಗೆಯೇ. "ಕಾಣುವುದನ್ನು ಮಾತ್ರ ಹೇಳು, ಊರಿನ ಹೆಸರು ಹೇಳಬೇಡ, ಸಂದೇಹವಿದ್ದರೆ ತಿಳಿಯದು ಎಂದು ಬರೆ" ಎಂದು ಮೊದಲೇ ಕನ್ನಡದಲ್ಲಿ ಆಜ್ಞಾಪಿಸಿದಾಗ ಪಟ್ಟಿ ಬಹಳಮಟ್ಟಿಗೆ ಸುಧಾರಿಸಿತು.

ಆಫೀಸಿನಲ್ಲಿ ಕಡತ ಇಡುವ ನಮ್ಮ ಗುಮಾಸ್ತ ಬಂಧುಗಳಿಗೆ ಮುಂದಿನ ಕೆಲಸವನ್ನು ಕಲಿಸಬೇಕಾಗಿಲ್ಲ. ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಕ್ರಮಾಂಕ ಹಾಕಬೇಕು, ಶಾಯಿ ಬೇಡ, ಅದು ಮುಂಬದಿಗೆ ಇಳಿಯುವುದು. ಕಿಟಕಿಯ ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ ಫೋನಿನಿಂದ ಪ್ರತಿ ತೆಗೆಯಬೇಕು. ಯಂತ್ರ ಕೊಟ್ಟ ವಿವರಣೆಗೆ ಒಂದು ಅಂಕಣ, ಮನೆಯವರು ಹೇಳಿದ ಹೆಸರಿಗೆ ಇನ್ನೊಂದು, ಎರಡನ್ನೂ ಬೆರೆಸಕೂಡದು. ಕೊನೆಯಲ್ಲಿ "ಹೇಳಿದವರು" ಎಂಬ ಅಂಕಣ ಅತ್ಯಗತ್ಯ. ಅಜ್ಜಿ ಹೇಳಿದರೆ ಅಜ್ಜಿ, ದೊಡ್ಡಪ್ಪ ಹೇಳಿದರೆ ದೊಡ್ಡಪ್ಪ; ದಿನಾಂಕವೂ ಇರಲಿ. ಇಬ್ಬರು ಎರಡು ಹೇಳಿದರೆ ಎರಡನ್ನೂ ಬರೆಯಿರಿ.

ಎಚ್ಚರಿಕೆಯ ಮಾತೊಂದು. ಮನೆಯ ಹೆಂಗಸರ ಚಿತ್ರವನ್ನು ಇಂಥ ಸೇವೆಗಳಿಗೆ ಕಳುಹಿಸುವ ಮುನ್ನ ಅವರನ್ನು ಕೇಳುವುದು ಸಭ್ಯತೆ. 2025ರ ಸೆಪ್ಟೆಂಬರಿನಲ್ಲಿ ತಮ್ಮ ಚಿತ್ರವನ್ನು ಯಂತ್ರಕ್ಕೆ ಕೊಟ್ಟು, ಹಳೆಯ ಸಿನೆಮಾ ನಾಯಿಕೆಯಂತೆ ತೆಳು ಸೀರೆ ಉಟ್ಟ ಹೊಸ ಚಿತ್ರ ಮಾಡಿಸಿಕೊಳ್ಳುವ ಗೀಳು ದೇಶವನ್ನೆಲ್ಲ ಹಿಡಿದಿತ್ತು. ಸಿಕ್ಕಸಿಕ್ಕ ತಾಣಗಳಿಗೆ ಭಾವಚಿತ್ರ ಒಪ್ಪಿಸಬೇಡಿರೆಂದು ಪೊಲೀಸು ಅಧಿಕಾರಿಗಳೇ ಹೇಳಬೇಕಾಯಿತು. ಉಡದ ಸೀರೆಯ ಈ ಚಿತ್ರಗಳನ್ನು ನಿಜವಾದ ಚಿತ್ರಗಳೊಡನೆ ಒಂದೇ ಕಡತದಲ್ಲಿ ಇಡದಿರುವುದೂ ಲೇಸು. ಐವತ್ತು ವರ್ಷಗಳ ಮೇಲೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದೆಂಬ ಭರವಸೆ ನಮಗಿಲ್ಲ.

ನಾವು ನೋಡಿದ ಪಟ್ಟಿಯಲ್ಲಿ ಇಪ್ಪತ್ತೊಂಬತ್ತು ಚಿತ್ರಗಳಿಗೆ "ಹೇಳಿದವರು" ಅಂಕಣ ತುಂಬಿತು. ಉಳಿದ ಹನ್ನೊಂದರಲ್ಲಿ ಇರುವವರು ಅಜ್ಜಿ ಮದುವೆಯಾಗಿ ಬರುವುದಕ್ಕಿಂತ ಹಿಂದಿನವರು. ಅವರ ಉಡುಪನ್ನು ಬಲ್ಲವರು ಈಗ ಒಬ್ಬರೇ, ಊರಿನಲ್ಲಿರುವ ಅಜ್ಜಿಯ ನಾದಿನಿ. ಅವರಿಗೆ ಫೋನಿನಲ್ಲಿ ಚಿತ್ರ ಕಾಣಿಸುವಷ್ಟು ದೃಷ್ಟಿಯಿಲ್ಲ. ಆದುದರಿಂದ ಹನ್ನೊಂದನ್ನೂ ದೊಡ್ಡದಾಗಿ ಅಚ್ಚು ಹಾಕಿಸಿ, ಮುಂದಿನ ವಾರ ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೊರಟಿರುವ ಬಂಧುವೊಬ್ಬರ ಕೈಯಲ್ಲಿ, ಒಂದು ಪೆನ್ಸಿಲನ್ನೂ ಇಟ್ಟು ಕಳುಹಿಸಲಿದ್ದಾರೆ.