ವ್ಯಾಯಾಮ ತರಬೇತಿಯ ತತ್ವಗಳು

ವ್ಯಾಯಾಮ ತರಬೇತಿಯ ತತ್ವಗಳು ಎಂದರೆ ದೈಹಿಕ ಸಾಮರ್ಥ್ಯವನ್ನು ಕ್ರಮಬದ್ಧವಾಗಿ ಹೆಚ್ಚಿಸಿಕೊಳ್ಳಲು ಅನುಸರಿಸಬೇಕಾದ ಮೂಲ ನಿಯಮಗಳು. ಇವುಗಳ ಆಧಾರದ ಮೇಲೆ ವ್ಯಕ್ತಿಯ ವಯಸ್ಸು, ಆರೋಗ್ಯ ಮತ್ತು ಗುರಿಗೆ ತಕ್ಕಂತೆ ವ್ಯಾಯಾಮದ ಕಾರ್ಯಕ್ರಮವನ್ನು ರೂಪಿಸಲಾಗುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ಈ ತಿಳಿವಳಿಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಮಲ್ಲರನ್ನು ವಯಸ್ಸು, ಮೈಕಟ್ಟು ಹಾಗೂ ಸಾಮರ್ಥ್ಯಕ್ಕೆ ಅನುಗುಣವಾಗಿ ವಿಂಗಡಿಸುತ್ತದೆ. ಭಾರ ಎತ್ತುವುದು, ನಡಿಗೆ, ಈಜು ಮತ್ತು ಕಂಬದ ಅಭ್ಯಾಸಗಳನ್ನು ಅವರ ಸಾಧನೆಯ ಭಾಗವಾಗಿ ವಿವರಿಸುತ್ತದೆ. ಮೈಸೂರು ಸೀಮೆಯ ಗರಡಿಮನೆಗಳಲ್ಲಿಯೂ ದಂಡ, ಬಸ್ಕಿ, ಗದೆ ತಿರುಗಿಸುವುದು ಮುಂತಾದ ಸಾಮುಗಳು ರೂಢಿಯಲ್ಲಿವೆ.

ಮುಖ್ಯ ತತ್ವಗಳು

* ಕ್ರಮೇಣ ಹೆಚ್ಚುವ ಭಾರ: ರೂಢಿಗಿಂತ ತುಸು ಹೆಚ್ಚಿನ ಶ್ರಮಕ್ಕೆ ದೇಹವು ಹೊಂದಿಕೊಂಡು ಬಲಗೊಳ್ಳುತ್ತದೆ. ಹೃದಯ ಮತ್ತು ಸ್ನಾಯುಗಳಿಗಿಂತ ಮೂಳೆ, ಸ್ನಾಯುರಜ್ಜುಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ. ಆದುದರಿಂದ ಉಸಿರು ಸಾಕಷ್ಟಿದೆಯೆಂದು ಓಟವನ್ನು ದಿಢೀರನೆ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಮೂಳೆ ನೋವಿಗೆ ಗುರಿಯಾಗಬಹುದು.
* ನಿರ್ದಿಷ್ಟತೆ: ಯಾವುದನ್ನು ಅಭ್ಯಾಸ ಮಾಡಲಾಗುತ್ತದೆಯೋ ಅದೇ ಸುಧಾರಿಸುತ್ತದೆ. ಭಾರ ಎತ್ತುವುದರಿಂದಷ್ಟೇ ದೂರದ ಓಟ ಸಿದ್ಧಿಸುವುದಿಲ್ಲ.
* ವೈಯಕ್ತಿಕ ಭಿನ್ನತೆ: ಒಂದೇ ವ್ಯಾಯಾಮ ಎಲ್ಲರಿಗೂ ಒಂದೇ ಫಲ ನೀಡದು. ದಿನವಿಡೀ ಹೊಲದಲ್ಲಿ ದುಡಿಯುವವನಿಗೂ ಕುಳಿತು ಓದುವವನಿಗೂ ಒಂದೇ ಪಟ್ಟಿ ಸಲ್ಲದು.
* ವಿಶ್ರಾಂತಿ: ದೇಹವು ಬಲಗೊಳ್ಳುವುದು ಶ್ರಮದ ನಂತರದ ನಿದ್ರೆ, ಆಹಾರ ಮತ್ತು ಬಿಡುವಿನ ಅವಧಿಯಲ್ಲಿ.
* ಹಿಮ್ಮರಳುವಿಕೆ: ಅಭ್ಯಾಸ ನಿಲ್ಲಿಸಿದರೆ ಗಳಿಸಿದ ಸಾಮರ್ಥ್ಯವು ಕೆಲವೇ ವಾರಗಳಲ್ಲಿ ಕುಗ್ಗತೊಡಗುತ್ತದೆ.

ಕಾರ್ಯಕ್ರಮದ ರಚನೆ

ವಾರಕ್ಕೆ ಎಷ್ಟು ಬಾರಿ, ಎಷ್ಟು ತೀವ್ರತೆಯಿಂದ, ಎಷ್ಟು ಹೊತ್ತು, ಯಾವ ಬಗೆಯ ವ್ಯಾಯಾಮ ಎಂಬ ನಾಲ್ಕು ಪ್ರಶ್ನೆಗಳಿಗೆ ಕಾರ್ಯಕ್ರಮವು ಉತ್ತರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಹಾಗೂ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಅಗತ್ಯ. ಮಾತನಾಡಲು ಸಾಧ್ಯವಾಗಿ, ಹಾಡಲು ಆಗದಂತಹ ವೇಗದ ನಡಿಗೆಯು ಮಧ್ಯಮ ಶ್ರಮಕ್ಕೆ ಉದಾಹರಣೆ.

ಉದಾಹರಣೆ

ಕರ್ನಾಟಕದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಓಡಬೇಕಾಗುತ್ತದೆ. ಅಂದರೆ 400 ಮೀಟರಿನ ಪ್ರತಿ ಸುತ್ತಿಗೆ ಸುಮಾರು 97 ಸೆಕೆಂಡು. ಪ್ರಕಟಣೆ ಬಂದ ಮೇಲೆ ಕೆಲವೇ ದಿನ ದಣಿಯುವವರೆಗೆ ಓಡುವುದಕ್ಕಿಂತ, ತಿಂಗಳುಗಳ ಮುಂಚೆಯೇ ವೇಗದ ನಡಿಗೆ ಮತ್ತು ನಿಧಾನದ ಓಟದಿಂದ ಆರಂಭಿಸುವುದು ಸೂಕ್ತ. ಬಳಿಕ 400 ಮೀಟರಿನ ಸುತ್ತುಗಳನ್ನು ನಿಗದಿತ ವೇಗದಲ್ಲಿ, ನಡುವೆ ಬಿಡುವು ಕೊಟ್ಟು ಅಭ್ಯಸಿಸಬಹುದು. ಕಠಿಣ ಓಟದ ಮರುದಿನ ಹಗುರ ಅಭ್ಯಾಸವಿರಲಿ.

ಸ್ಥಳವನ್ನೂ ಗಮನಿಸಬೇಕು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಂತೆ ಬಂಡೀಪುರ ಅರಣ್ಯಕ್ಕೆ ಹೊಂದಿಕೊಂಡ ಊರುಗಳಲ್ಲಿ ಕಾಡುಪ್ರಾಣಿಗಳ ಸಂಚಾರವಿರುತ್ತದೆ. ಅಲ್ಲಿ ನಸುಕಿನಲ್ಲಿ ಒಂಟಿಯಾಗಿ ರಸ್ತೆಯಲ್ಲಿ ಓಡುವ ಬದಲು, ಬೆಳಕು ಹರಿದ ನಂತರ ಜೊತೆಗಾರರೊಂದಿಗೆ ಮೈದಾನದಲ್ಲಿ ಓಡುವುದು ಕ್ಷೇಮ.

ಮುನ್ನೆಚ್ಚರಿಕೆ

ಅಭ್ಯಾಸಕ್ಕೆ ಮೊದಲು 5ರಿಂದ 10 ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ಎದೆನೋವು, ತಲೆಸುತ್ತು ಅಥವಾ ಅಸಹಜ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದ್ರೋಗ, ಮಧುಮೇಹ ಉಳ್ಳವರು ಆರಂಭದಲ್ಲಿಯೇ ವೈದ್ಯರ ಸಲಹೆ ಪಡೆಯುವುದು ಒಳಿತು.